80 ಮೀಟರ್‌ಗೂ 40 ಮೀಟರ್‌ಗೂ ನಡುವಿನ ಕಿಂಡಿ

ಹ್ಯಾಮ್ ರೇಡಿಯೋ ಅಂದ ತಕ್ಷಣ ನಮಗೆ ಹೊಳೆಯೋದು ಜಪಾನ್, ಅಮೆರಿಕದವರ ಜೊತೆ ಮಾತಾಡೋದು. ಆದರೆ ಪ್ರವಾಹದಲ್ಲಿ ಮೊಬೈಲ್ ಟವರ್ ನಿಂತುಹೋದಾಗ ಬೇಕಾಗೋದು ಜಪಾನ್ ಅಲ್ಲ, ಗುಡ್ಡದಾಚೆ 150 ಕಿಲೋಮೀಟರ್ ದೂರದ ಊರು. ಶಾರ್ಟ್‌ವೇವ್‌ನಲ್ಲಿ ಈ ಹತ್ತಿರದ ಮಾತೇ ಕಷ್ಟ.

ವಿಎಚ್‌ಎಫ್ ವಾಕಿಟಾಕಿ ಗುಡ್ಡ ದಾಟಲ್ಲ. ಹಾಗಾಗಿ ತರಂಗವನ್ನು ನೆಟ್ಟಗೆ ಮೇಲಕ್ಕೆ ಕಳಿಸಬೇಕು. ಅದು ಅಯಾನುಗೋಳಕ್ಕೆ ತಾಗಿ ಕಾರಂಜಿ ನೀರಿನಂತೆ ಸುತ್ತಲೂ ಇಳಿಯುತ್ತೆ. ಆದರೆ 80 ಮೀಟರ್ ಬ್ಯಾಂಡ್, ಅಂದ್ರೆ 3.5 ಮೆಗಾಹರ್ಟ್ಜ್, ಹಗಲಲ್ಲಿ ಕೆಳಗಿನ ಡಿ ಪದರದಲ್ಲೇ ಬಹುಪಾಲು ಹೀರಿಹೋಗುತ್ತೆ. 40 ಮೀಟರ್‌ನ 7 ಮೆಗಾಹರ್ಟ್ಜ್ ರಾತ್ರಿ ಹೊತ್ತು ಪದರವನ್ನೇ ತೂರಿಕೊಂಡು ಬಾಹ್ಯಾಕಾಶಕ್ಕೆ ಹೋಗಿಬಿಡುತ್ತೆ. ಓರೆಯಾಗಿ ಹೊರಟದ್ದಷ್ಟೇ ಎಲ್ಲೋ ದೂರದಲ್ಲಿ ಇಳಿಯೋದು. ಎರಡರ ಮಧ್ಯೆ ಇರೋದು 5 ಮೆಗಾಹರ್ಟ್ಜ್.

ಇದು ನಿಜವಾಗಿ ಕೆಲಸ ಮಾಡುತ್ತಾ? ಬ್ರಿಟನ್ನಿನ ಹವ್ಯಾಸಿಗಳು 2002ರಲ್ಲಿ ಪ್ರಯೋಗಕ್ಕೆ ಅನುಮತಿ ಪಡೆದು ಅಳೆಯಲು ಹೊರಟರು. 5290 ಕಿಲೋಹರ್ಟ್ಜ್‌ನಲ್ಲಿ ಮೂರು ಬೀಕನ್‌ಗಳು: ದಕ್ಷಿಣ ಇಂಗ್ಲೆಂಡ್‌ನಲ್ಲೊಂದು, ಉತ್ತರ ಇಂಗ್ಲೆಂಡ್‌ನಲ್ಲೊಂದು, ಓರ್ಕ್ನಿ ದ್ವೀಪದಲ್ಲೊಂದು. ಕಾಲು ಗಂಟೆಗೊಮ್ಮೆ ಪಾಳಿ ಮೇಲೆ ಒಂದೊಂದು ನಿಮಿಷ ಪ್ರಸಾರ. ಶಕ್ತಿ 10 ವ್ಯಾಟ್‌ನಿಂದ ಶುರುವಾಗಿ ಮೆಟ್ಟಿಲಿಗೆ 6 ಡೆಸಿಬೆಲ್‌ನಂತೆ ಇಳಿಯೋದು. ಕೇಳುವವರಿಗೆ ದುಬಾರಿ ಉಪಕರಣ ಬೇಡ, ಎಷ್ಟನೇ ಮೆಟ್ಟಿಲವರೆಗೆ ಕೇಳಿಸಿತು ಅಂತ ಗುರುತು ಹಾಕಿಕೊಂಡರೆ ಸಾಕು. ನಮ್ಮ ಲ್ಯಾಬ್ ಪ್ರಯೋಗಗಳೂ ಇಷ್ಟು ಸರಳವಾಗಿದ್ದಿದ್ದರೆ! ಅಂದ ಹಾಗೆ, ಸೌರ ಚಟುವಟಿಕೆ ಕಡಿಮೆಯಿರೋ ವರ್ಷಗಳ ಚಳಿಗಾಲದ ರಾತ್ರಿಗಳಲ್ಲಿ 5 ಮೆಗಾಹರ್ಟ್ಜ್ ಕೂಡ ಕೈಕೊಡುತ್ತೆ.

ಕೊನೆಗೆ 2015ರಲ್ಲಿ ಜಿನೀವಾದ ವಿಶ್ವ ರೇಡಿಯೋ ಸಮ್ಮೇಳನ ಹವ್ಯಾಸಿಗಳಿಗೆ ಕೊಟ್ಟಿದ್ದು 5351.5ರಿಂದ 5366.5ರವರೆಗಿನ ಬರೀ 15 ಕಿಲೋಹರ್ಟ್ಜ್. ಒಂದು ಮಾತುಕತೆಗೆ 3 ಅಂದ್ರೂ ಒಟ್ಟು ಐದೇ ಮಾತುಕತೆ. ಅದೂ ದ್ವಿತೀಯ ದರ್ಜೆಯ ಹಕ್ಕು. ಮೊದಲಿಂದ ಅಲ್ಲಿರುವ ಸೇವೆಗಳಿಗೆ ತೊಂದರೆ ಕೊಡುವಂತಿಲ್ಲ. ಹೆಚ್ಚಿನ ದೇಶಗಳಿಗೆ ಮಿತಿ 15 ವ್ಯಾಟ್ ಇಐಆರ್‌ಪಿ. ಇದರಲ್ಲಿ ಆಂಟೆನಾದ ಗೇನ್ ಕೂಡ ಸೇರಿದೆ. ಅರ್ಧತರಂಗ ಡೈಪೋಲ್‌ನ ಗೇನ್ ಮುಕ್ತ ಆಕಾಶದಲ್ಲಿ 1.64 ಪಟ್ಟು. ಹಾಗಾಗಿ ಅದಕ್ಕೆ ಕೊಡಬಹುದಾದದ್ದು ಸುಮಾರು 9 ವ್ಯಾಟ್, ಒಂದು ಎಲ್‌ಇಡಿ ಬಲ್ಬಿನಷ್ಟು! ನಮಗಂತೂ ಇದು ತೀರಾ ಜಿಪುಣತನ ಅನ್ನಿಸಿತು.

ಡೈಪೋಲ್‌ಗೆ ಬೇಕಾದ ತಂತಿ ಸುಮಾರು 27 ಮೀಟರ್. ಎರಡು ಮರಗಳ ಮಧ್ಯೆ ಆರೇಳು ಮೀಟರ್ ಎತ್ತರಕ್ಕೆ ಕಟ್ಟಿದರೂ ಆಗುತ್ತೆ, ತಂತಿ ತಗ್ಗಿನಲ್ಲಿದ್ದಷ್ಟೂ ತರಂಗ ಮೇಲ್ಮುಖವಾಗೇ ಹೊರಡೋದು. ನಿಯಮ ದೇಶದಿಂದ ದೇಶಕ್ಕೆ ಬೇರೆ, ಆದ್ದರಿಂದ ಮೈಕಿನ ಗುಂಡಿ ಒತ್ತೋ ಮುಂಚೆ ನಿಮ್ಮ ಪರವಾನಗಿ ತೆಗೆದು ಓದಿ.