ಅಂಗೈ ಮೇಲಿನ ಬೀಜ

ಶಿರಸಿಯ ಅಡಿಕೆ ತೋಟಗಳಲ್ಲಿ ಬೆಳೆದವರಿಗೆ ಗಿಳಿ ಹೊಸತಲ್ಲ. ಬೆಳಗಾಗುತ್ತಲೇ ಕಿರುಚುತ್ತ ಬಂದು, ಪೇರಲೆಯನ್ನು ಅರ್ಧ ತಿಂದು ಕೆಳಗೆ ಬೀಳಿಸುವ ಕಳ್ಳ ಅದು! ಆದರೂ ಮೈಸೂರಿನ ದತ್ತಪೀಠದ ಶುಕವನವನ್ನು ಹೊಕ್ಕೊಡನೆ ನಮ್ಮ ಮೊಮ್ಮಗಳು ಬೆರಗಾಗಿ ನಿಂತುಬಿಟ್ಟಳು. ತಲೆಯ ಮೇಲೆ ಬಹು ಎತ್ತರದಲ್ಲಿ ಬಲೆ. ಅದರೊಳಗೆ ಮರಗಳು, ಹಕ್ಕಿಗಳು, ನಾವು. ದಕ್ಷಿಣ ಅಮೆರಿಕದ ಮಕಾವ್, ಆಸ್ಟ್ರೇಲಿಯದ ಕಾಕಟೂ, ಆಫ್ರಿಕದ ಬೂದುಗಿಳಿ! 468 ಜಾತಿಯ ಪಕ್ಷಿಗಳಿಗಾಗಿ ಈ ವನವು 2017ರಲ್ಲಿ ಗಿನ್ನೆಸ್ ದಾಖಲೆಯನ್ನು ಪಡೆಯಿತು.

ಪಾಲಕನೊಬ್ಬನು ಕೆಂಪು ಮಕಾವ್ ಒಂದನ್ನು ಅವಳ ತೋಳಿನ ಮೇಲೆ ಕೂರಿಸಿದನು. “ಬೆರಳು ಚಾಚಬೇಡ ಪುಟ್ಟಿ, ಅಂಗೈ ಬಿಚ್ಚಿ ಹಿಡಿ” ಎಂದು ನಾಲ್ಕು ಸೂರ್ಯಕಾಂತಿ ಬೀಜಗಳನ್ನಿತ್ತನು. ಗಟ್ಟಿ ಕಾಯಿಗಳನ್ನೇ ಒಡೆಯಬಲ್ಲ ಆ ಕೊಕ್ಕು ಬೀಜವನ್ನು ಎಷ್ಟು ಮೃದುವಾಗಿ ಎತ್ತಿತೆನ್ನುವಿರಿ! ನಾಲಿಗೆಯಿಂದ ಹೊರಳಿಸಿ, ತಿರುಳನ್ನುಳಿಸಿಕೊಂಡು, ಸಿಪ್ಪೆಯನ್ನು ಉದುರಿಸಿತು.

“ಅಜ್ಜಾ, ನಮ್ಮ ತೋಟದ ಗಿಳಿಯನ್ನೂ ಸಾಕೋಣವೇ?”

ನಮ್ಮ ಕಾಡಿನ ಗಿಳಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧವೆಂದೆ. ನಮ್ಮಲ್ಲಿಯ ನೀಲಿರೆಕ್ಕೆಯ ಗಿಳಿಯಂತೂ ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲವೆಂದೂ ಹೇಳಿದೆ. ಅವಳಿಗೆ ಸಮಾಧಾನವಾಗಲಿಲ್ಲ.

ಊರಿಗೆ ಮರಳುವಾಗ ಬಸ್ಸಿನಲ್ಲಿ ಇನ್ನೊಂದು ಮಾತನ್ನು ಹೇಳಬೇಕಾಯಿತು. ಅವಳ ವಯಸ್ಸಿನಲ್ಲಿ ನಾನು ಮರದ ಪೊಟರೆಯಿಂದ ಮರಿಯೊಂದನ್ನು ಕದ್ದು ತಂದು ಪಂಜರದಲ್ಲಿಟ್ಟಿದ್ದೆ. ತಾಯಿಗಿಳಿ ಮೂರು ದಿನ ಮನೆಯ ಸುತ್ತ ಕೂಗಿತು. ನಾಲ್ಕನೆಯ ದಿನ ಮರಿ ಸತ್ತಿತು.

ಸಿದ್ದಾಪುರ ದಾಟುವವರೆಗೂ ಅವಳು ಮಾತನಾಡಲಿಲ್ಲ. ಆಮೇಲೆ, “ಪೇರಲೆ ಮರದ ಬಲೆಯನ್ನು ತೆಗೆಸುತ್ತೀಯಾ?” ಎಂದು ಕೇಳಿದಳು.