ಪರಿಷೆ ಮುಗಿದಾಗ ಮಲಾವಿಯಲ್ಲಿ ಬಿತ್ತನೆ

ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಮುಂದೆ ಪರಿಷೆಯ ಕಡಲೆಕಾಯಿ ರಾಶಿ ಬೀಳುವ ಹೊತ್ತಿಗೆ, ಆಫ್ರಿಕಾದ ಮಲಾವಿಯ ರೈತರು ಅದೇ ಕಡಲೆಕಾಯಿ ಬಿತ್ತಲು ಮೊದಲ ಮಳೆಗೆ ಕಾಯುತ್ತಿರುತ್ತಾರೆ. ಅವರು ಏಪ್ರಿಲ್‌ನಲ್ಲಿ ಗಿಡ ಕೀಳುವಾಗ ನಾವು ಮುಂಗಾರಿಗೆ ಹೊಲ ಹದಮಾಡುತ್ತೇವೆ. ಎರಡು ದೇಶದ ಶಾಲೆಗಳನ್ನು ಜೋಡಿಸಲು ಇದಕ್ಕಿಂತ ಒಳ್ಳೆಯ ಕೊಂಡಿ ನನಗೆ ಕಾಣದು. ಬರವೂ ಇಬ್ಬರನ್ನೂ ಕಾಡುತ್ತದೆ. 2023ರಲ್ಲಿ ಎಲ್‌ ನಿನೊ ಮುಂಗಾರನ್ನು ಕೆಡಿಸಿ ನಮ್ಮ 223 ತಾಲ್ಲೂಕುಗಳು ಬರಪೀಡಿತವಾದವು. 2024ರ ಮಾರ್ಚ್‌ನಲ್ಲಿ ಮಲಾವಿಯೂ ಬರ ಘೋಷಿಸಿತು.

ಬಾವುಟ, ಕುಣಿತದ ಫೋಟೊ ಕಳಿಸಿಕೊಂಡರೆ ಬೇಸಾಯ ಕಲಿತಂತಾಗದು. ಎರಡೂ ಕಡೆ ಒಂದೇ ಪ್ರಯೋಗ ನಡೆಯಬೇಕು. ಚಾಮರಾಜಪೇಟೆಯ ಶಾಲೆಯ ತಾರಸಿಯಲ್ಲಿ ನಾಲ್ಕು ಗೋಣಿಚೀಲ ಸಾಕು. ಎರಡರಲ್ಲಿ ಬರೀ ಕಡಲೆಕಾಯಿ, ಎರಡರಲ್ಲಿ ತೊಗರಿಯೂ ಜೊತೆಗೆ. ಇದು ನಮ್ಮ ಅಕ್ಕಡಿ ಸಾಲು; ಮಲಾವಿಯ ರೈತರೂ ಇದೇ ಜೋಡಿ ಹಾಕುತ್ತಾರೆ. ಕಡಲೆಕಾಯಿ ಬೇಗ ಹಬ್ಬಿ ನೆಲ ಮುಚ್ಚುತ್ತದೆ. ನಿಧಾನವಾಗಿ ಏಳುವ ತೊಗರಿ ಬೇರನ್ನು ಆಳಕ್ಕೆ ಬಿಟ್ಟು, ಕಡಲೆಕಾಯಿ ಕಿತ್ತ ಮೇಲೂ ನಿಂತು ಕಾಯಿ ಕೊಡುತ್ತದೆ. ಮಳೆ ಒಂದಕ್ಕೆ ಕೈಕೊಟ್ಟರೂ ಇನ್ನೊಂದು ಉಳಿದೀತು.

ಚೀಲಕ್ಕೆ ಹೊಲದ ಮಣ್ಣನ್ನು ಒಂದಿಷ್ಟು ಬೆರೆಸಿ. ಬೇರಿನಲ್ಲಿ ಗಂಟು ಕಟ್ಟುವ ಸೂಕ್ಷ್ಮಜೀವಿ ಅದರಲ್ಲಿರುತ್ತದೆ. ಹೂ ಬಂದಾಗ ಒಂದು ಗಿಡ ಕಿತ್ತು ಗಂಟನ್ನು ಸೀಳಿ ನೋಡಲಿ. ಒಳಗೆ ನಸುಗೆಂಪಿದ್ದರೆ ಅದು ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತಿದೆ ಎಂದರ್ಥ. ಯೂರಿಯಾದ ಮಾತು ಅಲ್ಲಿಂದ ಶುರುವಾದರೆ ಮಕ್ಕಳು ಮರೆಯಲಾರರು.

ಮಳೆ ಅಳೆಯಲು ನೇರ ಗೋಡೆಯ ಡಬ್ಬಿಯೊಂದನ್ನು ಬಯಲಲ್ಲಿಟ್ಟು, ದಿನಾ ಬೆಳಿಗ್ಗೆ 8.30ಕ್ಕೆ ನೀರಿನ ಎತ್ತರ ಅಳೆಯಬೇಕು. ಒಂದು ಮಿಲಿಮೀಟರ್ ಎಂದರೆ ಚದರ ಮೀಟರಿಗೆ ಒಂದು ಲೀಟರ್. ಹೂವಿನಿಂದ ಹೊರಟ ಊಡು ಮಣ್ಣಿಗಿಳಿಯುವಾಗ ಎಷ್ಟು ದಿನ ಒಣಗಿತೆಂಬುದನ್ನು ತಪ್ಪದೆ ಬರೆಯಲಿ, ಫಸಲು ಕೆಡುವುದು ಅಲ್ಲೇ. ಹೀಗೆ ಅಳೆದು ಹಂಚಿಕೊಳ್ಳಲು 1995ರಲ್ಲಿ ಆರಂಭವಾದ ಗ್ಲೋಬ್ ಎಂಬ ಶಾಲಾ ಕಾರ್ಯಕ್ರಮವಿದೆ. ಭಾರತ 2000ದಲ್ಲಿ ಸೇರಿತು.

ಅಂಚೆಯಲ್ಲಿ ಬೀಜ ಮಾತ್ರ ಕಳಿಸಬೇಡಿ. ರೋಗ, ಕೀಟ ಗಡಿ ದಾಟದಂತೆ ಸಸ್ಯ ದಿಗ್ಬಂಧನ ನಿಯಮಗಳಿವೆ. ಅಂಕಿ, ಫೋಟೊ ಹೋಗಲಿ. ಮಾತಾಡಲು ನಮ್ಮ ಮಧ್ಯಾಹ್ನ 1.30 ಹದ, ಅಲ್ಲಿ ಬೆಳಿಗ್ಗೆ 10.

ಮೊದಲ ಪತ್ರಕ್ಕೆ ಪರಿಷೆಯಲ್ಲೇ ಸರಕುಂಟು. ಮಾರುವ ರೈತರನ್ನು ಮಕ್ಕಳು ಕೇಳಲಿ: ಯಾವ ಮಳೆಗೆ ಬಿತ್ತಿದಿರಿ? "ಆರಿದ್ರಾ" ಎಂಬ ಉತ್ತರ ಬಂದರೆ ಅದನ್ನು ಮಲಾವಿಯ ಗೆಳೆಯರಿಗೆ ತಾರೀಖಿನಲ್ಲಿ ಹೇಳಬೇಕು: ಜೂನ್ 22ರ ಸುಮಾರಿಗೆ ಹುಟ್ಟಿ ಎರಡು ವಾರ ಇರುವ ಮಳೆ.