ವೈದ್ಯಕೀಯ ಶಿಕ್ಷಣ ಸಂಶೋಧನೆ

ವೈದ್ಯಕೀಯ ಶಿಕ್ಷಣ ಸಂಶೋಧನೆ ಎಂಬುದು ವೈದ್ಯಕೀಯ ವಿದ್ಯಾರ್ಥಿಗಳು ಹೇಗೆ ಕಲಿಯುತ್ತಾರೆ, ತರಬೇತಿಯ ಅವಧಿಯಲ್ಲಿ ಯಾವ ಅನುಭವಗಳಿಗೆ ಒಳಗಾಗುತ್ತಾರೆ, ಆ ಅನುಭವಗಳು ಅವರನ್ನು ಎಂಥ ವೈದ್ಯರನ್ನಾಗಿ ರೂಪಿಸುತ್ತವೆ ಎಂಬುದನ್ನು ಪರಿಶೀಲಿಸುವ ಅಧ್ಯಯನ ಶಾಖೆ. ವೈದ್ಯಶಾಸ್ತ್ರ, ಶಿಕ್ಷಣಶಾಸ್ತ್ರ, ಮನೋವಿಜ್ಞಾನ ಮತ್ತು ಸಮಾಜಶಾಸ್ತ್ರಗಳ ವಿಧಾನಗಳನ್ನು ಇದು ಬಳಸಿಕೊಳ್ಳುತ್ತದೆ. ಪಠ್ಯಕ್ರಮದಲ್ಲಿ ಬರೆದಿರುವುದಕ್ಕೂ ವಿದ್ಯಾರ್ಥಿ ವಾಸ್ತವವಾಗಿ ಕಲಿಯುವುದಕ್ಕೂ ನಡುವೆ ಇರುವ ಅಂತರವೇ ಈ ಶಾಖೆಯ ಮುಖ್ಯ ವಿಷಯ. ಈ ಅಂತರದ ಫಲವನ್ನು ಕೊನೆಗೆ ಅನುಭವಿಸುವವನು ರೋಗಿ. ಆದುದರಿಂದ ಇದರ ಮಹತ್ವ ಕಾಲೇಜಿನ ಆವರಣಕ್ಕಷ್ಟೇ ಸೀಮಿತವಾದುದಲ್ಲ.

ಇತಿಹಾಸ

ವೈದ್ಯಕೀಯ ಶಿಕ್ಷಣದ ಗುಣಮಟ್ಟವನ್ನು ವ್ಯವಸ್ಥಿತವಾಗಿ ಪರಿಶೀಲಿಸಿದ ಆರಂಭಿಕ ಪ್ರಯತ್ನಗಳಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ 1910ರಲ್ಲಿ ಪ್ರಕಟಿಸಿದ ವರದಿ ಪ್ರಸಿದ್ಧವಾದುದು. ಕಾರ್ನೆಗಿ ಪ್ರತಿಷ್ಠಾನದ ಪರವಾಗಿ ಅವರು ಅಮೆರಿಕ ಮತ್ತು ಕೆನಡಾಗಳ 155 ವೈದ್ಯಕೀಯ ಶಾಲೆಗಳನ್ನು ಸಂದರ್ಶಿಸಿದ್ದರು. ಪ್ರಯೋಗಾಲಯದ ವಿಜ್ಞಾನವನ್ನು ಮೊದಲು, ಆಸ್ಪತ್ರೆಯ ತರಬೇತಿಯನ್ನು ಅನಂತರ ಕಲಿಸುವ ಕ್ರಮ ಈ ವರದಿಯ ಬಳಿಕ ಬೇರೂರಿತು.

ವಿದ್ಯಾರ್ಥಿಯ ಅನುಭವವನ್ನೇ ಕೇಂದ್ರವಾಗಿಸಿಕೊಂಡ ಅಧ್ಯಯನಗಳು 1950ರ ದಶಕದಿಂದ ಬರತೊಡಗಿದವು. ರಾಬರ್ಟ್ ಮರ್ಟನ್ ಮತ್ತು ಸಂಗಡಿಗರು ಸಂಪಾದಿಸಿದ 'ದಿ ಸ್ಟೂಡೆಂಟ್ ಫಿಸಿಷಿಯನ್' 1957ರಲ್ಲಿಯೂ, ಹೋವರ್ಡ್ ಬೆಕರ್ ಮತ್ತು ಸಂಗಡಿಗರು ಕಾನ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಜೊತೆಗಿದ್ದು ಬರೆದ 'ಬಾಯ್ಸ್ ಇನ್ ವೈಟ್' 1961ರಲ್ಲಿಯೂ ಪ್ರಕಟವಾದವು. ಆದರ್ಶಗಳನ್ನು ಹೊತ್ತು ಬರುವ ವಿದ್ಯಾರ್ಥಿ ಓದಿನ ಹೊರೆಯ ಮುಂದೆ 'ಅಧ್ಯಾಪಕರು ಪರೀಕ್ಷೆಯಲ್ಲಿ ಏನು ಕೇಳುತ್ತಾರೆ' ಎಂಬುದನ್ನೇ ಅಳತೆಗೋಲಾಗಿ ಮಾಡಿಕೊಳ್ಳುವ ಬಗೆಯನ್ನು ಎರಡನೆಯ ಕೃತಿ ವಿವರಿಸಿತು.

ಮುಂದಿನ ದಶಕಗಳಲ್ಲಿ ಬೋಧನೆ ಮತ್ತು ಪರೀಕ್ಷೆಯ ಸ್ವರೂಪವೂ ಬದಲಾಯಿತು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ 1969ರಲ್ಲಿ ಸಮಸ್ಯಾಧಾರಿತ ಕಲಿಕೆಯನ್ನು ಆರಂಭಿಸಿತು. ಸ್ಕಾಟ್ಲೆಂಡಿನ ಡಂಡಿಯಲ್ಲಿದ್ದ ರೊನಾಲ್ಡ್ ಹಾರ್ಡನ್ 1975ರಲ್ಲಿ 'ಆಸ್ಕಿ' ಎಂಬ ಪ್ರಾಯೋಗಿಕ ಪರೀಕ್ಷಾ ಕ್ರಮವನ್ನು ಪರಿಚಯಿಸಿದರು. ಇದರಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದೇ ಬಗೆಯ ಹಲವು ನಿಲ್ದಾಣಗಳನ್ನು ನಿಗದಿತ ಸಮಯದಲ್ಲಿ ದಾಟಬೇಕು. ಪ್ರತಿ ನಿಲ್ದಾಣದಲ್ಲಿಯೂ ಪೂರ್ವನಿರ್ಧರಿತ ಪಟ್ಟಿಯ ಪ್ರಕಾರ ಅಂಕ ನೀಡಲಾಗುತ್ತದೆ. ರೋಗಿಯ ಆಯ್ಕೆಯಲ್ಲಿ ಅದೃಷ್ಟ, ಪರೀಕ್ಷಕರ ಮರ್ಜಿ ಇವೆರಡರ ಪ್ರಭಾವವನ್ನು ತಗ್ಗಿಸುವುದು ಇದರ ಉದ್ದೇಶ.

ಅಧ್ಯಯನ ವಿಧಾನಗಳು

ಸಂಶೋಧಕರು ಪ್ರಶ್ನಾವಳಿ, ಸಂದರ್ಶನ, ಗುಂಪು ಚರ್ಚೆ, ವಾರ್ಡುಗಳಲ್ಲಿ ಪ್ರತ್ಯಕ್ಷ ವೀಕ್ಷಣೆ ಮತ್ತು ವಿದ್ಯಾರ್ಥಿಗಳ ದಿನಚರಿಗಳ ಅಧ್ಯಯನವನ್ನು ಬಳಸುತ್ತಾರೆ. ವ್ಯಾಪಕವಾಗಿ ಬಳಕೆಯಲ್ಲಿರುವ ಕೆಲವು ಸಾಧನಗಳು ಹೀಗಿವೆ:

• ಡ್ರೀಮ್ ಪ್ರಶ್ನಾವಳಿ: 1997ರಲ್ಲಿ ಪ್ರಕಟವಾದ ಇದರಲ್ಲಿ 50 ಹೇಳಿಕೆಗಳಿವೆ, ಗರಿಷ್ಠ ಅಂಕ 200. ಕಲಿಕೆ, ಅಧ್ಯಾಪಕರು, ಕಾಲೇಜಿನ ವಾತಾವರಣ, ಸಾಮಾಜಿಕ ಜೀವನ ಇವುಗಳ ಬಗ್ಗೆ ವಿದ್ಯಾರ್ಥಿಯ ಅಭಿಪ್ರಾಯವನ್ನು ಇದು ಅಳೆಯುತ್ತದೆ.
• ಜೆಫರ್ಸನ್ ಸಹಾನುಭೂತಿ ಮಾಪಕ: ರೋಗಿಯ ನೋವನ್ನು ಅರಿತುಕೊಳ್ಳುವ ಮನೋಭಾವವನ್ನು 20 ಹೇಳಿಕೆಗಳ ಮೂಲಕ ಅಳೆಯುತ್ತದೆ.
• ಮಿಲ್ಲರ್ ಪಿರಮಿಡ್ಡು: ಜಾರ್ಜ್ ಮಿಲ್ಲರ್ 1990ರಲ್ಲಿ ಮಂಡಿಸಿದ ಚೌಕಟ್ಟು. 'ಗೊತ್ತಿದೆ', 'ಹೇಗೆಂದು ಗೊತ್ತಿದೆ', 'ಮಾಡಿ ತೋರಿಸಬಲ್ಲ', 'ನಿಜವಾಗಿ ಮಾಡುತ್ತಾನೆ' ಎಂಬ ನಾಲ್ಕು ಹಂತಗಳನ್ನು ಇದು ಗುರುತಿಸುತ್ತದೆ. ಬರವಣಿಗೆಯ ಪರೀಕ್ಷೆ ಕೆಳಗಿನ ಎರಡು ಹಂತಗಳನ್ನು ಮಾತ್ರ ಮುಟ್ಟಬಲ್ಲದು.

ಮುಖ್ಯ ತಿಳಿವಳಿಕೆಗಳು

ಅಗೋಚರ ಪಠ್ಯಕ್ರಮ

ಯಾರೂ ಪಾಠವಾಗಿ ಹೇಳದಿದ್ದರೂ ಹಿರಿಯರ ನಡವಳಿಕೆಯಿಂದ ಮತ್ತು ಸಂಸ್ಥೆಯ ರೂಢಿಗಳಿಂದ ವಿದ್ಯಾರ್ಥಿ ಕಲಿಯುವುದನ್ನು 'ಅಗೋಚರ ಪಠ್ಯಕ್ರಮ' ಎನ್ನಲಾಗುತ್ತದೆ. ವೈದ್ಯಕೀಯ ಶಿಕ್ಷಣದ ಸಂದರ್ಭದಲ್ಲಿ ಫ್ರೆಡರಿಕ್ ಹಾಫರ್ಟಿ 1990ರ ದಶಕದಲ್ಲಿ ಈ ಪರಿಕಲ್ಪನೆಯನ್ನು ಬೆಳೆಸಿದರು. ರೋಗಿಯನ್ನು ಹೆಸರು ಹಿಡಿದು ಮಾತನಾಡಿಸಬೇಕೆಂದು ತರಗತಿಯಲ್ಲಿ ಬೋಧಿಸಿ, ವಾರ್ಡಿನಲ್ಲಿ ಹಾಸಿಗೆಯ ಸಂಖ್ಯೆಯಿಂದ ಕರೆದರೆ, ವಿದ್ಯಾರ್ಥಿಯ ಮನಸ್ಸಿನಲ್ಲಿ ಉಳಿಯುವುದು ಎರಡನೆಯದೇ.

ಸಹಾನುಭೂತಿಯ ಇಳಿಕೆ

ಅಮೆರಿಕದ ಜೆಫರ್ಸನ್ ವೈದ್ಯಕೀಯ ಕಾಲೇಜಿನಲ್ಲಿ ಮೊಹಮ್ಮದ್‌ರೆಜಾ ಹೋಜತ್ ಮತ್ತು ಸಂಗಡಿಗರು ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ, ಮೂರನೆಯ ವರ್ಷದಲ್ಲಿ ವಿದ್ಯಾರ್ಥಿಗಳ ಸಹಾನುಭೂತಿಯ ಅಂಕ ಗಮನಾರ್ಹವಾಗಿ ಕುಸಿಯುವುದನ್ನು ತೋರಿಸಿತು. ಅಲ್ಲಿ ವಿದ್ಯಾರ್ಥಿಗಳು ಪೂರ್ಣಾವಧಿಗೆ ರೋಗಿಗಳ ನಡುವೆ ಇರಲಾರಂಭಿಸುವುದು ಅದೇ ವರ್ಷ. ಮಾಪಕ ಅಳೆಯುವುದು ವಿದ್ಯಾರ್ಥಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದನ್ನು. ರೋಗಿಯೊಂದಿಗಿನ ನಿಜ ವರ್ತನೆಯನ್ನು ಅಲ್ಲ ಎಂಬ ಟೀಕೆಯೂ ಇದೆ.

ಮಾನಸಿಕ ಆರೋಗ್ಯ

43 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಶೇ. 27.2ರಷ್ಟು ಮಂದಿಯಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳು ಕಂಡುಬಂದವು. ಆತ್ಮಹತ್ಯೆಯ ಆಲೋಚನೆ ಬಂದಿತ್ತೆಂದವರ ಪ್ರಮಾಣ ಶೇ. 11.1. ಖಿನ್ನತೆಯ ಲಕ್ಷಣಗಳಿದ್ದವರಲ್ಲಿ ಚಿಕಿತ್ಸೆ ಕೋರಿದವರು ಶೇ. 15.7 ಮಾತ್ರ. ಸಹಾಯದ ಮಾರ್ಗ ಬಲ್ಲವರೇ ಅದನ್ನು ಬಳಸದಿರುವುದಕ್ಕೆ ಸಮಯದ ಅಭಾವ, ಗುಟ್ಟು ಬಯಲಾಗುವ ಭಯ ಮತ್ತು ದುರ್ಬಲನೆಂಬ ಹಣೆಪಟ್ಟಿಯ ಆತಂಕ ಸಾಮಾನ್ಯ ಕಾರಣಗಳಾಗಿವೆ.

ಭಾರತದಲ್ಲಿ

ಸ್ವಾತಂತ್ರ್ಯಪೂರ್ವದ ಭೋರ್ ಸಮಿತಿ 1946ರ ತನ್ನ ವರದಿಯಲ್ಲಿ 'ಸಾಮಾಜಿಕ ವೈದ್ಯ'ನನ್ನು ತಯಾರು ಮಾಡುವ ಶಿಕ್ಷಣವನ್ನು ಅಪೇಕ್ಷಿಸಿತ್ತು. ಅಧ್ಯಾಪಕರಿಗೆ ಬೋಧನಾ ತರಬೇತಿ ನೀಡುವ ರಾಷ್ಟ್ರೀಯ ಕೇಂದ್ರವೊಂದು 1970ರ ದಶಕದಲ್ಲಿ ಪುದುಚೇರಿಯ ಜಿಪ್‌ಮರ್ ಸಂಸ್ಥೆಯಲ್ಲಿ ಆರಂಭವಾಯಿತು. ಮುಂದೆ ವೈದ್ಯಕೀಯ ಕಾಲೇಜುಗಳಲ್ಲಿ ಶಿಕ್ಷಣ ಘಟಕಗಳನ್ನು ಸ್ಥಾಪಿಸಲಾಯಿತು. ಭಾರತದ ಸಂಶೋಧನೆಯ ಬಹುಪಾಲು ಇಂಥ ಘಟಕಗಳ ಅಧ್ಯಾಪಕರಿಂದಲೇ ಬರುತ್ತದೆ.

2019ರಲ್ಲಿ ಪ್ರವೇಶ ಪಡೆದ ವಿದ್ಯಾರ್ಥಿಗಳಿಂದ ಮೊದಲ್ಗೊಂಡು ಎಂ.ಬಿ.ಬಿ.ಎಸ್. ಪದವಿಗೆ ಸಾಮರ್ಥ್ಯಾಧಾರಿತ ಪಠ್ಯಕ್ರಮ ಜಾರಿಗೆ ಬಂದಿತು. ವೈದ್ಯ, ತಂಡದ ನಾಯಕ, ಸಂವಹನಕಾರ, ಜೀವನಪರ್ಯಂತ ಕಲಿಯುವವ ಮತ್ತು ವೃತ್ತಿನಿಷ್ಠ ಎಂಬ ಐದು ಪಾತ್ರಗಳನ್ನು ಪದವೀಧರನಿಂದ ಅದು ನಿರೀಕ್ಷಿಸುತ್ತದೆ. ಮನೋಭಾವ, ನೀತಿ ಮತ್ತು ಸಂವಹನವನ್ನು ಕಲಿಸುವ 'ಎಟ್‌ಕಾಮ್' ಪಾಠಗಳು ಇದರ ಭಾಗ. ಆರಂಭದ ಅಡಿಪಾಯ ಶಿಬಿರದಲ್ಲಿ ಸ್ಥಳೀಯ ಭಾಷೆಯ ಕಲಿಕೆಗೂ ಅವಕಾಶ ಕಲ್ಪಿಸಲಾಯಿತು. ಬಳಿಕ ಸೇರಿಸಲಾದ ಕುಟುಂಬ ದತ್ತು ಕಾರ್ಯಕ್ರಮದಡಿ ವಿದ್ಯಾರ್ಥಿಗಳು ಗ್ರಾಮದ ಕೆಲವು ಕುಟುಂಬಗಳ ಆರೋಗ್ಯವನ್ನು ವರ್ಷಗಳ ಕಾಲ ಗಮನಿಸುತ್ತಾರೆ.

ರಾಷ್ಟ್ರೀಯ ವೈದ್ಯಕೀಯ ಆಯೋಗವು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುರಿತು ರಚಿಸಿದ ಕಾರ್ಯಪಡೆಯು 2024ರಲ್ಲಿ ವರದಿ ನೀಡಿತು. ಇದರ ಅಧ್ಯಕ್ಷತೆಯನ್ನು ಬೆಂಗಳೂರಿನ ನಿಮ್ಹಾನ್ಸ್‌ನ ಪ್ರಾಧ್ಯಾಪಕರು ವಹಿಸಿದ್ದರು. ಆನ್‌ಲೈನ್ ಸಮೀಕ್ಷೆಗೆ ಉತ್ತರಿಸಿದ ಪದವಿ ವಿದ್ಯಾರ್ಥಿಗಳಲ್ಲಿ ಶೇ. 27.8ರಷ್ಟು ಮಂದಿ ತಮಗೆ ಮಾನಸಿಕ ಆರೋಗ್ಯದ ಸಮಸ್ಯೆ ಇರುವುದಾಗಿ ತಿಳಿಸಿದ್ದರು. ಸ್ವಇಚ್ಛೆಯಿಂದ ಉತ್ತರಿಸಿದವರ ಮಾಹಿತಿಯಾದ ಕಾರಣ ಈ ಪ್ರಮಾಣವನ್ನು ಎಲ್ಲ ವಿದ್ಯಾರ್ಥಿಗಳಿಗೂ ನೇರವಾಗಿ ಅನ್ವಯಿಸಲಾಗದು.

ಕರ್ನಾಟಕ ಮತ್ತು ದಾವಣಗೆರೆಯ ಸಂದರ್ಭ

ಕರ್ನಾಟಕದ ವೈದ್ಯಕೀಯ ಶಿಕ್ಷಣ ಮೈಸೂರು (1924), ಮಣಿಪಾಲ (1953), ಹುಬ್ಬಳ್ಳಿ (1957) ಮತ್ತು ಬೆಂಗಳೂರಿನ ಸಂತ ಜಾನ್ (1963) ಮೊದಲಾದ ಕಾಲೇಜುಗಳ ಮೂಲಕ ವಿಸ್ತರಿಸಿತು. ದಾವಣಗೆರೆಯಲ್ಲಿ ಬಾಪೂಜಿ ವಿದ್ಯಾಸಂಸ್ಥೆಯು 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜನ್ನು ಆರಂಭಿಸಿತು. ನಗರದ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆ 2006ರಲ್ಲಿ ಸ್ಥಾಪನೆಯಾಯಿತು. 1996ರಲ್ಲಿ ರಚನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಇವೆರಡೂ ಸೇರಿವೆ. ಜೆ.ಜೆ.ಎಂ. ಕಾಲೇಜಿನ ವಿದ್ಯಾರ್ಥಿಗಳ ತರಬೇತಿಯ ಒಂದು ಪಾಲು ಸರ್ಕಾರಿ ಚಿಗಟೇರಿ ಆಸ್ಪತ್ರೆಯಲ್ಲಿ ನಡೆಯುತ್ತ ಬಂದಿದೆ.

ಕಲಿಕೆಯ ಮೇಲೆ ಭಾಷೆಯ ಪ್ರಭಾವವನ್ನು ಅರಿಯಲು ಇಂಥ ನಗರ ಉತ್ತಮ ನಿದರ್ಶನ. ಹರಿಹರ, ಕೊಂಡಜ್ಜಿ ಮುಂತಾದ ಸುತ್ತಲಿನ ಊರುಗಳ ಜನರಿಗೆ ದೊಡ್ಡ ಆಸ್ಪತ್ರೆಯೆಂದರೆ ದಾವಣಗೆರೆ. ಅವರ ಮಾತು ಮಧ್ಯ ಕರ್ನಾಟಕದ ಆಡುನುಡಿ. ಕೆಲವರ ಮನೆಮಾತು ಉರ್ದು, ತೆಲುಗು ಅಥವಾ ಲಂಬಾಣಿ. ವಿದ್ಯಾರ್ಥಿಗಳಲ್ಲಿ ಅನೇಕರು ರಾಷ್ಟ್ರಮಟ್ಟದ ನೀಟ್ ಪರೀಕ್ಷೆಯ ಮೂಲಕ ಹೊರ ರಾಜ್ಯಗಳಿಂದ ಬರುವವರು. ಪಾಠ ಮತ್ತು ಪರೀಕ್ಷೆ ಇಂಗ್ಲಿಷಿನಲ್ಲಿ ನಡೆದರೂ ರೋಗಚರಿತ್ರೆ ದೊರೆಯುವುದು ರೋಗಿಯ ಭಾಷೆಯಲ್ಲಿ. 'ಸಂಕಟ' ಎಂಬ ಮಾತು ವಾಕರಿಕೆಯನ್ನೂ ಸೂಚಿಸಬಹುದು, ಹೊಟ್ಟೆಯ ತೊಳಲಾಟವನ್ನೂ ಸೂಚಿಸಬಹುದು, ಮನಸ್ಸಿನ ನೋವನ್ನೂ ಸೂಚಿಸಬಹುದು. 'ಸುಸ್ತು' ಎಂಬುದರ ಹಿಂದೆ ರಕ್ತಹೀನತೆ, ಮಧುಮೇಹ, ಖಿನ್ನತೆ ಯಾವುದೂ ಇರಬಹುದು. 'ಬಿಳಿಸೆರಗು', 'ಉರಿಮೂತ್ರ' ಮುಂತಾದ ಪದಗಳನ್ನು ಅರಿಯದ ವಿದ್ಯಾರ್ಥಿ ದಾದಿಯನ್ನೋ ಸಹಪಾಠಿಯನ್ನೋ ಅವಲಂಬಿಸುತ್ತಾನೆ. ಆಗ ರೋಗಿ ಹೇಳಿದ ಮಾತು ಸಂಕ್ಷೇಪಗೊಂಡು ತಲುಪುತ್ತದೆ. ಹೇಳಲು ನಾಚಿಕೊಂಡದ್ದು ತಲುಪುವುದೇ ಇಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಯ ತೊಡಕು ಇದಕ್ಕೆ ವಿರುದ್ಧವಾದುದು. ರೋಗಿಯ ಮಾತು ಅವನಿಗೆ ಸಲೀಸು. ಅಂಗರಚನಾಶಾಸ್ತ್ರದ ಇಂಗ್ಲಿಷ್ ಪಠ್ಯ ಮತ್ತು ಮೌಖಿಕ ಪರೀಕ್ಷೆ ಕಠಿಣ. ಅಂಕಗಳು ಈ ಎರಡನೆಯ ತೊಡಕನ್ನು ಮಾತ್ರ ಬಯಲಿಗೆ ತರುತ್ತವೆ. ರೋಗಿಯೊಂದಿಗೆ ಸಂವಾದಿಸುವ ಸಾಮರ್ಥ್ಯವನ್ನೂ ಅಳೆಯುವ ಪರೀಕ್ಷೆಗಳಿಗೆ ಮಹತ್ವ ನೀಡಬೇಕೆಂಬ ವಾದಕ್ಕೆ ಇದು ಒಂದು ಆಧಾರ.

ಮಿತಿಗಳು

ಈ ಕ್ಷೇತ್ರದ ಅನೇಕ ಅಧ್ಯಯನಗಳು ಒಂದೇ ಕಾಲೇಜಿಗೆ, ಒಂದೇ ಬಾರಿಯ ಪ್ರಶ್ನಾವಳಿಗೆ ಸೀಮಿತವಾಗಿರುತ್ತವೆ. ಪ್ರಶ್ನೆ ಕೇಳುವವರೇ ಅಂಕ ನೀಡುವ ಅಧ್ಯಾಪಕರಾಗಿದ್ದರೆ ವಿದ್ಯಾರ್ಥಿಗಳು ಮುಕ್ತವಾಗಿ ಉತ್ತರಿಸುವುದು ಕಷ್ಟ. ಆದುದರಿಂದ ಹೆಸರನ್ನು ಗೌಪ್ಯವಾಗಿಡುವುದು ಮತ್ತು ನೈತಿಕ ಸಮಿತಿಯ ಒಪ್ಪಿಗೆ ಪಡೆಯುವುದು ಅಗತ್ಯ. ಪಾಶ್ಚಾತ್ಯ ದೇಶಗಳಲ್ಲಿ ರೂಪುಗೊಂಡ ಮಾಪಕಗಳನ್ನು ಭಾರತದ ಸನ್ನಿವೇಶಕ್ಕೆ ಒಗ್ಗಿಸದೆ ಬಳಸುವುದೂ ಚರ್ಚೆಗೆ ಒಳಗಾಗಿದೆ. ವಿದ್ಯಾರ್ಥಿಯ ತೃಪ್ತಿಯನ್ನು ಅಳೆಯುವುದು ಸುಲಭ. ಅವನು ವೈದ್ಯನಾದ ಮೇಲೆ ರೋಗಿಗಳಿಗೆ ಆದ ಪ್ರಯೋಜನವನ್ನು ಅಳೆಯಲು ವರ್ಷಗಳ ಅನುಸರಣೆ ಬೇಕಾಗುತ್ತದೆ.

ಇವನ್ನೂ ನೋಡಿ

• ವೈದ್ಯಕೀಯ ನೀತಿಶಾಸ್ತ್ರ
• ರಾಷ್ಟ್ರೀಯ ವೈದ್ಯಕೀಯ ಆಯೋಗ
• ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ
• ದಾವಣಗೆರೆ